ಬೇಟೆ ಪ್ರಾಣಿ ದುರ್ಬಲರನ್ನೇ ಹಿಡಿಯುತ್ತದೆ ಅನ್ನೋದು ಅರ್ಧ ಸತ್ಯ

ಸಂಪಾದಕರಿಗೆ ನಮಸ್ಕಾರ.

ಹುಲಿ, ಸಿಂಹ, ತೋಳದ ಬಗ್ಗೆ ಯಾರು ಏನೇ ಬರೆದರೂ ಒಂದು ಸಾಲು ಬಂದೇ ಬರುತ್ತದೆ: ಬೇಟೆ ಪ್ರಾಣಿಗಳು ಮುದಿಯಾದವನ್ನು, ರೋಗ ಬಂದವನ್ನು ಆರಿಸಿ ತಿಂದು ಹಿಂಡನ್ನು ಗಟ್ಟಿಯಾಗಿ ಇಡುತ್ತವೆ ಅಂತ. ಪತ್ರಿಕೆಯಲ್ಲೂ ಇದೇ, ಟಿವಿಯಲ್ಲೂ ಇದೇ. ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನು ಯಾರೂ ಹೇಳದೇ ಇರೋದರಿಂದಲೇ, ಬಂದೂಕು ಹಿಡಿದು ಶೋಕಿಗೆ ಪ್ರಾಣಿ ಹೊಡೆಯುವವರು ಕೂಡ "ನಾವೂ ತೋಳದ ಕೆಲಸಾನೇ ಮಾಡ್ತಿದ್ದೀವಿ" ಅಂತ ಧೈರ್ಯವಾಗಿ ಹೇಳಿಕೊಳ್ಳುತ್ತಾರೆ. ಅದು ನನಗೆ ತಡೆಯಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಿಜವಾದ ಅರ್ಧ. ಅಲಾಸ್ಕಾದ ಬೆಟ್ಟಗಳಲ್ಲಿ ಅಡಾಲ್ಫ್ ಮ್ಯೂರಿ ಎಂಬ ವಿಜ್ಞಾನಿ ಕಾಡುಕುರಿಗಳ ನೂರಾರು ತಲೆಬುರುಡೆ ಹೆಕ್ಕಿ, ಕೊಂಬಿನ ಮೇಲಿನ ಉಂಗುರ ನೋಡಿ ಸತ್ತ ಕುರಿಗಳ ವಯಸ್ಸು ಲೆಕ್ಕ ಹಾಕಿದರು. 1944ರಲ್ಲಿ ಅದು ಪ್ರಕಟವಾಯಿತು. ಸತ್ತಿದ್ದರಲ್ಲಿ ಜಾಸ್ತಿ ತೀರಾ ಎಳೆಯವು, ಇಲ್ಲಾ ತೀರಾ ಮುದಿಯವು. ನಡುವಯಸ್ಸಿನವು ಕಡಿಮೆ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪ ಇದೆ. ಅಲ್ಲಿ 1958ರಿಂದ ತೋಳ ಮತ್ತು ಮೂಸ್ ಎಂಬ ಭಾರೀ ಜಿಂಕೆಗಳನ್ನು ಗಮನಿಸುತ್ತಾ ಬಂದಿದ್ದಾರೆ, ಅಲ್ಲೂ ಹೀಗೇ. ಕರು, ಮುದಿ ಮೂಸ್, ಕೀಲು ಸವೆದದ್ದು ತೋಳದ ಬಾಯಿಗೆ ಜಾಸ್ತಿ ಬೀಳುತ್ತವೆ.

ಆದರೆ ಇದು ತೋಳಕ್ಕೆ ಮೊದಲೇ ಗೊತ್ತಿರುತ್ತದಾ? ಇಲ್ಲ. ತೋಳಗಳು ಹತ್ತಿರ ಹೋಗಿ ಪರೀಕ್ಷೆ ಮಾಡುತ್ತವೆ. ಮೂಸ್ ಕಾಲೂರಿ ನಿಂತು, ಕಿವಿ ಹಿಂದಕ್ಕೆ ಮಡಚಿ ಮುಂಗಾಲು ಬೀಸೋಕೆ ತಯಾರಾದರೆ, ತೋಳಗಳು ಸ್ವಲ್ಪ ಹೊತ್ತು ಸುತ್ತಮುತ್ತ ಸುಳಿದು ಎಷ್ಟೋ ಸಲ ಬಿಟ್ಟುಹೋಗುತ್ತವೆ. ಆ ಗೊರಸಿನ ಒಂದು ಒದೆ ಸಾಕು, ಪಕ್ಕೆಲುಬು ಮುರಿಯುತ್ತದೆ, ಆಮೇಲೆ ತೋಳಕ್ಕೆ ಹೊಟ್ಟೆಪಾಡೇ ಇಲ್ಲ. ಓಡಿದರೆ ಬೆನ್ನು ಹತ್ತುತ್ತವೆ. ಓಟದಲ್ಲಿ ಕುಂಟು, ದಮ್ಮು, ಸುಸ್ತು ಎಲ್ಲ ಬಯಲಾಗುತ್ತದೆ. ಹೀಗೆ ಶುರುವಾದ ಬೇಟೆಗಳಲ್ಲಿ ಹೆಚ್ಚಿನವು ಕೈಗೂಡುವುದೂ ಇಲ್ಲ.

ಜಿಂಕೆಗಳಿಗೂ ಈ ಪರೀಕ್ಷೆ ಗೊತ್ತು. ಆಫ್ರಿಕಾದ ಥಾಮ್ಸನ್ಸ್ ಗಸೆಲ್‌ಗಳು ಕಾಡುನಾಯಿ ಅಟ್ಟಿಸಿಕೊಂಡು ಬಂದಾಗ ಸುಮ್ನೆ ಓಡೋದು ಬಿಟ್ಟು, ನಾಲ್ಕೂ ಕಾಲು ಸೆಟೆದು ನೆಟ್ಟಗೆ ಮೇಲಕ್ಕೆ ಪುಟಿಯುತ್ತವೆ. ಜೀವ ಹೋಗೋ ಹೊತ್ತಲ್ಲಿ ಯಾಕಪ್ಪಾ ಈ ಕುಣಿತ ಅನ್ನಿಸುತ್ತದೆ, ಅಲ್ವಾ? 1988ರಲ್ಲಿ ಪ್ರಕಟವಾದ ಸೆರೆಂಗೆಟಿ ಹುಲ್ಲುಗಾವಲಿನ ಅಧ್ಯಯನದಲ್ಲಿ ಉತ್ತರ ಇದೆ: ಕಾಡುನಾಯಿಗಳು ಕಡಿಮೆ ಪುಟಿಯುವ ಗಸೆಲ್‌ಗಳನ್ನೇ ಹೆಚ್ಚಾಗಿ ಬೆನ್ನಟ್ಟಿದವು. ಇಷ್ಟು ಶಕ್ತಿ ಉಳಿದಿದೆ, ನನ್ನ ಹಿಂದೆ ಬಂದು ದಣಿಯಬೇಡ ಅಂತ ಗಸೆಲ್ ತೋರಿಸುತ್ತದೆ, ನಾಯಿ ಅದನ್ನು ಓದಿಕೊಳ್ಳುತ್ತದೆ.

ಈಗ ಬಿಟ್ಟುಹೋದ ಅರ್ಧಕ್ಕೆ ಬರುತ್ತೇನೆ. 1987ರಲ್ಲಿ ಸ್ಟ್ಯಾನ್ಲಿ ಟೆಂಪಲ್ ಎಂಬುವರು ಪಳಗಿಸಿದ ಒಂದು ಗಿಡುಗ ಹಿಡಿದ ಪ್ರಾಣಿಗಳನ್ನು, ಅದೇ ಜಾಗದ ಬೇರೆ ಪ್ರಾಣಿಗಳ ಜೊತೆ ಹೋಲಿಸಿ ನೋಡಿದರು. ಅಳಿಲು ಹಿಡಿಯೋದು ಗಿಡುಗಕ್ಕೆ ಕಷ್ಟ. ಸಿಕ್ಕ ಅಳಿಲುಗಳಲ್ಲಿ ಸೊರಗಿದವು ಜಾಸ್ತಿ ಇದ್ದವು. ಚಿಪ್‌ಮಂಕ್ ಎಂಬ ಅಳಿಲಿನ ಜಾತಿಯ ಪುಟ್ಟ ಪ್ರಾಣಿ ಸುಲಭಕ್ಕೆ ಸಿಗುತ್ತದೆ, ಅದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಸಿಕ್ಕಿದ್ದೇ ಸೀರುಂಡೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ದುರ್ಬಲರನ್ನು ಆರಿಸಬೇಕು ಅಂತ ಗಿಡುಗಕ್ಕೆ ಯಾವ ಕಟ್ಟಳೆಯೂ ಇಲ್ಲ. ಬೇಟೆ ಕಷ್ಟವಾದಷ್ಟೂ, ಗಟ್ಟಿ ಇರುವವು ತಪ್ಪಿಸಿಕೊಂಡು ಸೊರಗಿದವು ಸಿಕ್ಕಿಬೀಳುತ್ತವೆ, ಅಷ್ಟೇ.

ಅಟ್ಟಿಸಿ ಹಿಡಿಯುವ ಪ್ರಾಣಿಗೂ ಹೊಂಚು ಹಾಕಿ ಎರಗುವ ಪ್ರಾಣಿಗೂ ಇಲ್ಲೇ ವ್ಯತ್ಯಾಸ ಬರುತ್ತದೆ. ಪೊದೆಯ ಮರೆಯಿಂದ ಎರಡು ನೆಗೆತಕ್ಕೆ ಮೈಮೇಲೆ ಬೀಳುವ ಬೆಕ್ಕಿನ ಜಾತಿಗೆ ಓಡಿಸಿ ನೋಡುವ ಪುರುಸೊತ್ತಿಲ್ಲ. ಅಲ್ಲಿ ಕೆಟ್ಟ ಗಳಿಗೆಯಲ್ಲಿ ಕೆಟ್ಟ ಜಾಗದಲ್ಲಿ ನಿಂತದ್ದೇ ತಪ್ಪು. ಓಡಿ ಹಿಡಿಯುವ ಚೀತಾಗಳು ಕೂಡ ತಲೆ ಎತ್ತಿ ನೋಡುವ ಗಸೆಲ್ ಬಿಟ್ಟು ತಲೆ ಬಗ್ಗಿಸಿ ಮೇಯುತ್ತಿರುವುದರ ಕಡೆಗೆ ನುಗ್ಗುತ್ತವೆ. ಅದು ದಷ್ಟಪುಷ್ಟವಾಗೇ ಇರಬಹುದು, ಗಮನ ಮಾತ್ರ ಬೇರೆ ಕಡೆ. ಗುಂಪಿನಲ್ಲಿ ಬೇರೆ ಥರ ಕಾಣೋದೂ ಅಪಾಯವೇ. ಬೆಳ್ಳಿಬಣ್ಣದ ಸಣ್ಣ ಮೀನುಗಳ ಗುಂಪಿಗೆ ನೀಲಿ ಬಣ್ಣ ಹಚ್ಚಿದ ಒಂದೆರಡನ್ನು ಸೇರಿಸಿದಾಗ, ಅಲ್ಲಿಯವರೆಗೂ ತಬ್ಬಿಬ್ಬಾಗುತ್ತಿದ್ದ ಬಾಸ್ ಮೀನು ಸಲೀಸಾಗಿ ಬೇಟೆಯಾಡಿತು. ಬಣ್ಣ ಹಚ್ಚಿದ ಮೀನಿಗೆ ಯಾವ ರೋಗವೂ ಇರಲಿಲ್ಲ!

ದೊಡ್ಡದು ಸಿಕ್ಕರೆ ಒಳ್ಳೇದು ಅನ್ನೋ ಲೆಕ್ಕವೂ ಸರಿಯಲ್ಲ. ಕಡಲ ಏಡಿಗೆ ಬೇರೆ ಬೇರೆ ಗಾತ್ರದ ಚಿಪ್ಪುಜೀವಿ ಕೊಟ್ಟರೆ ಅದು ಹೆಚ್ಚಾಗಿ ಮಧ್ಯಮ ಗಾತ್ರದ್ದನ್ನೇ ಒಡೆಯುತ್ತದೆ. ದೊಡ್ಡದರಲ್ಲಿ ಮಾಂಸ ಜಾಸ್ತಿ ನಿಜ, ಒಡೆಯೋಕೆ ಹಿಡಿಯುವ ಹೊತ್ತೂ ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಬಂದೂಕಿನವರ ಮಾತು ನೋಡಿ. ಕೆನಡಾದ ಆಲ್ಬರ್ಟಾದ ರ‍್ಯಾಮ್ ಮೌಂಟನ್‌ನಲ್ಲಿ ಬೇಟೆಗಾರರು ದೊಡ್ಡ ಕೊಂಬಿನ ಟಗರುಗಳನ್ನೇ ಹುಡುಕಿ ಹೊಡೆದರು, ಗೋಡೆಗೆ ತೂಗುಹಾಕೋಕೆ. ಸುಮಾರು ಮೂವತ್ತು ವರ್ಷಗಳ ದಾಖಲೆ ಇಟ್ಟುಕೊಂಡು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುವ ಪ್ರಕಾರ ಅಲ್ಲಿ ಟಗರುಗಳ ಕೊಂಬೂ ಮೈತೂಕವೂ ಕುಗ್ಗುತ್ತಾ ಬಂದವು. ಕೊಂಬು ಬೇಗ ಬೆಳೆದ ಟಗರು ಮರಿ ಹುಟ್ಟಿಸೋಕೆ ಮುಂಚೆಯೇ ಗುಂಡಿಗೆ ಬೀಳುತ್ತಿತ್ತು. ಇದು ತೋಳದ ಕೆಲಸದ ತದ್ವಿರುದ್ಧ. ಇನ್ನೊಂದು ಕಡೆ, ಅಮೆರಿಕದ ಕೊಲರಾಡೊದಲ್ಲಿ, ಪ್ಯೂಮಾ ಎಂಬ ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿ ಕೊಂದ ಜಿಂಕೆಗಳಲ್ಲಿ ಮಿದುಳಿನ ರೋಗ ಬಂದವುಗಳ ಪಾಲು, ಅದೇ ಸುತ್ತಮುತ್ತ ಬೇಟೆಗಾರರು ಹೊಡೆದವುಗಳಿಗಿಂತ ಜಾಸ್ತಿ ಇತ್ತು. ಹೊಂಚು ಹಾಕುವ ಪ್ರಾಣಿಯೇ ಆದರೂ ಪ್ಯೂಮಾಗೆ ಸಿಕ್ಕ ಸುಳಿವು ದುರ್ಬೀನು ಹಿಡಿದವರಿಗೆ ಸಿಗಲಿಲ್ಲ. ಸಮುದ್ರದಲ್ಲಂತೂ ಇನ್ನೂ ಕೆಟ್ಟದ್ದು: ಬೇರೆ ಬೇಟೆ ಜೀವಿಗಳಿಗೆ ಹೋಲಿಸಿದರೆ ಮನುಷ್ಯ ಬೆಳೆದ ಮೀನುಗಳನ್ನು 14 ಪಟ್ಟು ಹೆಚ್ಚು ಹಿಡಿಯುತ್ತಾನೆ ಅಂತ 2015ರ ಒಂದು ಜಾಗತಿಕ ಲೆಕ್ಕಾಚಾರ ತೋರಿಸಿತು. ಮೊಟ್ಟೆ ಇಡಬೇಕಾದವೇ ಬಲೆಗೆ ಹೋಗುತ್ತಿವೆ.

ಆದ್ದರಿಂದ ಸಂಪಾದಕರಲ್ಲಿ ಒಂದು ಕೋರಿಕೆ. ಇಂಥ ಲೇಖನ ಹಾಕುವಾಗ ಆ ಪ್ರಾಣಿ ಅಟ್ಟಿಸಿ ಹಿಡಿಯುತ್ತದೋ ಹೊಂಚು ಹಾಕುತ್ತದೋ, ಅದರ ಬೇಟೆ ಸುಲಭದ್ದೋ ಕಷ್ಟದ್ದೋ ಅನ್ನೋದನ್ನು ಎರಡು ಸಾಲಲ್ಲಾದರೂ ಬರೆಸಿ. ಬೇಟೆಗಾರರು ತೋಳದ ಹೆಸರು ಹೇಳಿಕೊಂಡು ಬಂದರೆ, ನೀವು ಹೊಡೆದದ್ದರ ವಯಸ್ಸೆಷ್ಟು, ಆರೋಗ್ಯ ಹೇಗಿತ್ತು ಅಂತ ನಿಮ್ಮ ವರದಿಗಾರರು ಕೇಳಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ