ಮಗಳಿಗೊಂದು ಪತ್ರ: ಅನ್ನದಿಂದ ಎಟಿಪಿವರೆಗೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೈಟೋಕಾಂಡ್ರಿಯಾವನ್ನು ಜೀವಕೋಶದ ಶಕ್ತಿಕೇಂದ್ರ ಎಂದು ಪುಸ್ತಕದಲ್ಲಿ ಬರೆದಿದ್ದಾರೆ, ಆದರೆ ಅದಕ್ಕೆ ಆ ಶಕ್ತಿ ಎಲ್ಲಿಂದ ಬರುತ್ತದೆ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಫೋನಿನಲ್ಲಿ ಮುಗಿಯುವ ಉತ್ತರವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೈಟೋಕಾಂಡ್ರಿಯಾ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಶಕ್ತಿ ನೀನು ಉಂಡ ಅನ್ನದಲ್ಲೇ ಇದೆ. ಅದಕ್ಕೂ ಮೊದಲು ಭತ್ತದ ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿತ್ತು. ಅನ್ನ ಜೀರ್ಣವಾಗಿ ದೊರೆತ ಗ್ಲೂಕೋಸ್, ಕೋಶರಸದಲ್ಲಿಯೇ ಎರಡು ಪೈರುವೇಟ್ ಅಣುಗಳಾಗಿ ಒಡೆಯುತ್ತದೆ. ಈ ಹಂತದ ನಿವ್ವಳ ಗಳಿಕೆ ಎರಡೇ ಎಟಿಪಿ, ಅಂದರೆ ಕೋಶ ತನ್ನ ಕೆಲಸಗಳಿಗೆ ಶಕ್ತಿಯ ನಾಣ್ಯದಂತೆ ಖರ್ಚು ಮಾಡುವ ಅಣು. ಪೈರುವೇಟ್ ಮೈಟೋಕಾಂಡ್ರಿಯಾದ ಒಳಹೊಕ್ಕ ಮೇಲೆ ಅದರ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ, ಎಲೆಕ್ಟ್ರಾನುಗಳು ವಾಹಕ ಅಣುಗಳ ಮೂಲಕ ಒಳಪೊರೆಯ ಪ್ರೋಟೀನುಗಳನ್ನು ತಲುಪುತ್ತವೆ.

ಸ್ವಾರಸ್ಯವೆಲ್ಲ ಇರುವುದು ಈ ಒಳಪೊರೆಯಲ್ಲಿ. ಎಲೆಕ್ಟ್ರಾನುಗಳು ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟುತ್ತ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ನಾವು ಉಸಿರಾಡುವುದು ಬಹುಮಟ್ಟಿಗೆ ಇದೊಂದು ಕೆಲಸಕ್ಕಾಗಿಯೇ. ಹಾಗೆ ದಾಟುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಪೊರೆಯ ಆಚೆಗೆ ದಬ್ಬುತ್ತದೆ. ಅಣೆಕಟ್ಟಿನ ಹಿಂದೆ ನಿಂತ ಶರಾವತಿಯ ನೀರು ಇಳಿದು ಬಂದು ಟರ್ಬೈನನ್ನು ತಿರುಗಿಸುವಂತೆ, ಆಚೆ ಒತ್ತೊತ್ತಾಗಿ ಸೇರಿದ ಪ್ರೋಟಾನುಗಳು ಮರಳಿ ನುಗ್ಗುವಾಗ ಎಟಿಪಿ ಸಿಂಥೇಸ್ ಎಂಬ ಕಿಣ್ವವನ್ನು ತಿರುಗಿಸುತ್ತವೆ, ಆ ತಿರುಗುವಿಕೆಯಿಂದ ಎಟಿಪಿ ತಯಾರಾಗುತ್ತದೆ. ಹೀಗೆಲ್ಲ ಸೇರಿ ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ. ಪ್ರೋಟಾನುಗಳ ಈ ವಿಚಾರವನ್ನು ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟಾಗ ನಂಬಿದವರು ಕಡಿಮೆ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ತಿರುಗುತ್ತದೆ ಎನ್ನುವುದು ಬರೀ ಮಾತಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಈ ಕಿಣ್ವದ ನಡುಗಂಬಕ್ಕೆ ಹೊಳೆಯುವ ಆಕ್ಟಿನ್ ಎಳೆಯೊಂದನ್ನು ಅಂಟಿಸಿ, ಎಟಿಪಿ ಉಣಿಸಿ ಯಂತ್ರವನ್ನು ಹಿಮ್ಮುಖವಾಗಿ ಓಡಿಸಿದರು. ಎಳೆ ಒಂದೇ ದಿಕ್ಕಿಗೆ ಸುತ್ತುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಂಡಿತು.

ನಮ್ಮ ಕೋಶದ ಉಳಿದ ಕಣದಂಗಗಳು ಈ ಎಟಿಪಿಯನ್ನು ಖರ್ಚು ಮಾಡುವಂಥವು. ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ಅಮೈನೋ ಆಮ್ಲಗಳನ್ನು ಸಿದ್ಧಪಡಿಸಲು ಎಟಿಪಿ ಬೇಕು. ಕೋಶದ ತ್ಯಾಜ್ಯವನ್ನು ಅರಗಿಸುವ ಲೈಸೋಸೋಮ್ ತನ್ನೊಳಗಿನ ಆಮ್ಲೀಯತೆಯನ್ನು ಕಾಯ್ದುಕೊಳ್ಳಲು, ಎಟಿಪಿ ಸಿಂಥೇಸಿನ ದಾಯಾದಿಯೇ ಆದ ಪಂಪೊಂದಕ್ಕೆ ಎಟಿಪಿ ತೆರುತ್ತದೆ.

ಅಂದ ಹಾಗೆ, ಮೈಟೋಕಾಂಡ್ರಿಯಾಕ್ಕೆ ತನ್ನದೇ ಡಿಎನ್ಎ ಇದೆ, ಅದು ಬರುವುದು ತಾಯಿಯಿಂದ. ಆದ್ದರಿಂದ ನಿನ್ನ ಚುರುಕಿನ ಈ ಭಾಗಕ್ಕೆ ನಾನು ಹಕ್ಕು ಸಾಧಿಸುವಂತಿಲ್ಲ, ಎಲ್ಲ ನಿಮ್ಮಮ್ಮನದೇ.

ಎಲ್ಲ ಕೋಶಗಳಲ್ಲೂ ಮೈಟೋಕಾಂಡ್ರಿಯಾ ಇರುತ್ತದೆಂದು ಮಾತ್ರ ಬರೆಯಬೇಡ. ನಮ್ಮ ಬಲಿತ ಕೆಂಪು ರಕ್ತಕಣಗಳಲ್ಲಿ ಅದು ಇಲ್ಲ; ದೇಹಕ್ಕೆಲ್ಲ ಆಮ್ಲಜನಕವನ್ನು ಹೊತ್ತು ಹಂಚುವ ಅವು, ಅದನ್ನು ತಮ್ಮ ಶಕ್ತಿಗಾಗಿ ಬಳಸದೆ, ಗ್ಲೂಕೋಸಿನ ಆ ಎರಡೇ ಎಟಿಪಿಯಲ್ಲಿ ಬದುಕುತ್ತವೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ