ಮಗಳಿಗೊಂದು ಪತ್ರ: ಈ ಹೆಸರು ಯಾರಾದ್ರೂ ಇಡ್ತಾರಾ?

ಚಿತ್ರದುರ್ಗ
ಭಾನುವಾರ ಮಧ್ಯಾಹ್ನ

ಪ್ರೀತಿಯ ತಾರಾ,

ಐರ್ಲೆಂಡಿನ ಟಾರಾ ಬೆಟ್ಟದಿಂದ ನೀನು ಕಳಿಸಿದ ಫೋಟೊ ನೋಡಿದೆ. ಹಸಿರು ಹುಲ್ಲು, ನಡುವೆ ನೆಟ್ಟಗೆ ನಿಂತ ಒಂದು ಕಲ್ಲು, ಪಕ್ಕದಲ್ಲಿ ಕೊಡೆ ಹಿಡಿದ ನೀನು. ಕೆಳಗೆ ‘ಅಮ್ಮಾ, ಇದು ನನ್ನ ಬೆಟ್ಟ’ ಅಂತ ಬರೆದಿದ್ದೀಯ. ಇದ್ಯಾವ ಸೀಮೆ ಬೆಟ್ಟ ತಾಯಿ? ನಮ್ಮ ದುರ್ಗದವರು ಇದನ್ನು ದಿಬ್ಬ ಅಂತಾರೆ ಅಷ್ಟೆ.

ಡಬ್ಲಿನ್ನಿನ ನಿನ್ನ ಮನೆ ಓನರಮ್ಮ ‘ನಮ್ಮ ಐರಿಷ್ ಹೆಸರು ನಿನಗೆ ಹೇಗೆ ಬಂತು’ ಅಂತ ಕೇಳಿದರು ಅಂದೆಯಲ್ಲ, ಆವತ್ತು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಒಲೆ ಮೇಲೆ ಕುಕ್ಕರ್ ಕೂಗುತ್ತಿತ್ತು. ಈಗ ಪುರಸೊತ್ತಾಗಿ ಬರೆಯುತ್ತಿದ್ದೇನೆ.

ನಿಮ್ಮಜ್ಜಿ ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತಿದ್ದರು. ಹೆಣ್ಣಾದರೆ ತಿಪ್ಪಮ್ಮ ಅಂತ ಅವರ ಮನಸ್ಸಿನಲ್ಲಿ ಆಗಲೇ ಹೆಸರಿಟ್ಟಾಗಿತ್ತು. ತೊಟ್ಟಿಲಿಗೆ ಹಾಕುವ ದಿನ ನಾನು ‘ತಾರಾ’ ಅಂದೆ. ಅಜ್ಜಿ ಕೈಯಲ್ಲಿದ್ದ ಕುಬುಸದ ಕಣ ಕೆಳಗಿಟ್ಟರು. ‘ವಾಲಿ ಹೆಂಡ್ತಿ ಗಂಡನ್ನ ಕಳ್ಕೊಂಡ್ಲು. ಬೃಹಸ್ಪತಿ ಹೆಂಡ್ತಿ ಚಂದ್ರನ ಜೊತೆ ಹೋದ್ಲು. ಇಂಥ ಹೆಸರು ಮಗೀಗೆ ಯಾರಾದ್ರೂ ಇಡ್ತಾರಾ?’

ತಾತ ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು. ‘ಮೊದ್ಲು ಕೂಗಿದವಳೇ ನೀನು. ಇಡ್... ತಾರಾ!’ ಎಲ್ಲರೂ ನಗುತ್ತಿರುವಾಗ ನಿನ್ನ ಸೋದರತ್ತೆ ಬಗ್ಗಿ ಅದನ್ನೇ ನಿನ್ನ ಕಿವಿಯಲ್ಲಿ ಹೇಳಿಬಿಟ್ಟಳು. ಅಲ್ಲಿಗೆ ತೀರ್ಮಾನ ಆಯಿತು. ಅಜ್ಜಿ ಮಾತ್ರ ಸೋಲಲಿಲ್ಲ. ನೀನು ನಡೆಯಲು ಕಲಿತ ಮೇಲೆ ‘ನೀರು ತಾರೇ ತಾರಾ’ ಅಂತ ದಿನಕ್ಕೆ ಹತ್ತು ಸಲ ಕೂಗಿ ಸೇಡು ತೀರಿಸಿಕೊಂಡರು. ಹೊಟ್ಟೆನೋವು ಅಂದರೆ ಅಳಲೆಕಾಯಿ, ನೆಲ್ಲಿಕಾಯಿ ಜೊತೆ ತಾರೆಕಾಯಿ ಕುಟ್ಟಿ ಕೊಟ್ಟು, ‘ನಿನ್ನ ಹೆಸರಿನ ಕಾಯಿ, ಒಗರು, ನುಂಗು’ ಅನ್ನುತ್ತಿದ್ದರು.

ನನಗೆ ಹೆಸರು ಸಿಕ್ಕಿದ್ದು ಅಜ್ಜಿ ಬೈದ ಅದೇ ವಾಲಿಯ ಹೆಂಡತಿಯಿಂದ. ಹೊಸಪೇಟೆ ದಾಟಿ ಆನೆಗುಂದಿಗೆ ಹೋಗಿದ್ದೆವಲ್ಲ, ಅದೇ ಕಿಷ್ಕಿಂಧೆ ಅಂತ ನಮ್ಮ ಕಡೆ ನಂಬಿಕೆ. ಸುಗ್ರೀವ ಏಟು ತಿಂದು ಓಡಿದವನು ಮತ್ತೆ ಬಂದು ಕೂಗುತ್ತಾನೆ. ಆಗ ತಾರೆ ಗಂಡನನ್ನು ತಡೆಯುತ್ತಾಳೆ: ಈಗತಾನೆ ಸೋತವನು ಇಷ್ಟು ಧೈರ್ಯವಾಗಿ ಬಂದಿದ್ದಾನೆ ಅಂದರೆ ಹಿಂದೆ ಯಾರೋ ಇದ್ದಾರೆ. ವಾಲಿ ಕೇಳಲಿಲ್ಲ. ಕೇಳದೆ ಹೋಗಿದ್ದು ಅವನ ತಪ್ಪು, ಅವಳದ್ದಲ್ಲ ಅಲ್ವಾ? ಮುಂದೆ ಲಕ್ಷ್ಮಣ ಸಿಟ್ಟಿನಿಂದ ಬಂದಾಗಲೂ ಮಾತಾಡಿ ಸಮಾಧಾನ ಮಾಡಿದವಳು ಅವಳೇ. ಸುಗ್ರೀವ ಕುಡಿದು ಒಳಗೆ ಕೂತಿದ್ದ.

ತಾರಾ ಅಂದರೆ ನಕ್ಷತ್ರ, ಅದು ನಿನಗೆ ಗೊತ್ತು. ವೇದದ ಭಾಷೆಯಲ್ಲಿ ಇದಕ್ಕೆ ‘ಸ್ತೃ’ ಅನ್ನುವ ರೂಪವೂ ಇದೆ. ಪರ್ಷಿಯನ್ನಿನ ಸಿತಾರಾ, ಲ್ಯಾಟಿನ್ನಿನ ಸ್ಟೆಲ್ಲಾ, ಇಂಗ್ಲಿಷಿನ ಸ್ಟಾರ್ ಎಲ್ಲ ಅದೇ ಬಳ್ಳಿಯ ಕಾಯಿಗಳು. ನಿನ್ನ ಪಕ್ಕದ ಬೆಂಚಿನ ಸಿತಾರಾ, ನಿನಗೆ ಗಣಿತ ಹೇಳಿದ ಸ್ಟೆಲ್ಲಾ ಮಿಸ್, ನೀನು, ಮೂವರದ್ದೂ ಒಂದೇ ಹೆಸರು. ಒಂದೇ ಕ್ಲಾಸಿನಲ್ಲಿ ಕೂತಿದ್ದಿರಿ, ಒಬ್ಬರಿಗೂ ಗೊತ್ತಿರಲಿಲ್ಲ!

ಬೌದ್ಧರ ತಾರಾದೇವಿ ಬೇರೆ. ಅಲ್ಲಿ ತಾರಾ ಅಂದರೆ ದಾಟಿಸುವವಳು. ಚಳಿಗಾಲಕ್ಕೆ ಟಿಬೆಟಿನವರು ಸ್ವೆಟರ್ ಮಾರಲು ಬರುತ್ತಾರಲ್ಲ, ಅವರ ಹೆಂಗಸರಲ್ಲಿ ಡೋಲ್ಮಾ ಅನ್ನೋ ಹೆಸರು ಜಾಸ್ತಿ. ಡೋಲ್ಮಾ ಅಂದರೆ ಈ ತಾರಾನೇ. ಈ ದೇವಿ ನಮಗೆ ಹೊಸಬಳೇನಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ಕ್ರಿ.ಶ. 1095ರ ಶಾಸನವೊಂದರಲ್ಲಿ ಅವಳ ಸ್ತುತಿ ಇದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ, ಇಷ್ಟರ ಭಯ ಕಳೆಯುವವಳೇ, ನಿನಗೆ ನಮಸ್ಕಾರ ಅಂತ. ಅಲ್ಲಿ ಅವಳಿಗೂ ಬುದ್ಧನಿಗೂ ವಿಹಾರ ಕಟ್ಟಿಸಿದವರು ವ್ಯಾಪಾರ ಮಾಡುವ ಸೆಟ್ಟರು. ಸರಕು ಹೇರಿಕೊಂಡು ಊರೂರು ಸುತ್ತುವವರ ಭಯದ ಪಟ್ಟಿ ಹೀಗೇ ಇರುತ್ತದೆ. ನೀನು ವಿಮಾನ ಹತ್ತಿದ ರಾತ್ರಿ ನನ್ನ ಪಟ್ಟಿ ಇದಕ್ಕಿಂತ ಉದ್ದ ಇತ್ತು.

ಇನ್ನು ನಿನ್ನ ದಿಬ್ಬದ ವಿಷಯ. ಹಳೆಯ ಐರಿಷ್ ಭಾಷೆಯಲ್ಲಿ ಅದು ‘ತೆಮರ್’ ತರಹದ ಮಾತು, ಇಂಗ್ಲಿಷಿನವರ ಬಾಯಲ್ಲಿ ಟಾರಾ ಆಯಿತು. ರಸ್ತೆಗೆ ಹಾಕುವ ಟಾರಿನ ಹಾಗೆ ‘ಟ’ ಒತ್ತಿ ಹೇಳುವ ಟಾರಾ. ಸುತ್ತಲೂ ದೂರದವರೆಗೆ ಕಾಣುವ ಎತ್ತರದ ಜಾಗ ಅಂತ ಒಂದು ಅರ್ಥ ಹೇಳುತ್ತಾರೆ. ನಕ್ಷತ್ರಕ್ಕೆ ಅವರು ರೇಲ್ತಾ ಅನ್ನುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಂದರೆ ಇಂಗ್ಲಿಷಿನಲ್ಲಿ ಅಕ್ಷರ ಒಂದೇ ಆದರೂ ನೀನೂ ಆ ದಿಬ್ಬವೂ ನೆಂಟರಲ್ಲ. ಓನರಮ್ಮನಿಗೆ ಬೇಜಾರಾಗದ ಹಾಗೆ ಹೇಳು.

ಅವರಿಗೆ ಅದು ದೊಡ್ಡ ಜಾಗ. ಹಳೆಯ ಕಾಲದ ಮಹಾರಾಜರ ಪೀಠ. ನೀನು ಒರಗಿಕೊಂಡು ನಿಂತಿದ್ದೀಯಲ್ಲ, ಆ ಕಲ್ಲಿನ ಹೆಸರು ಲಿಯಾ ಫಾಲ್. ನಿಜವಾದ ರಾಜ ಮುಟ್ಟಿದರೆ ಅದು ಕೂಗುತ್ತಿತ್ತಂತೆ. ನಮ್ಮಲ್ಲೂ ಅಂಥದ್ದೊಂದು ಇದ್ದಿದ್ದರೆ ಚುನಾವಣೆ ಖರ್ಚಾದರೂ ಉಳಿಯುತ್ತಿತ್ತು. ಇನ್ನೊಂದು ಮಾತು. ಡೇನಿಯಲ್ ಓಕಾನಲ್ ಅನ್ನುವ ಅವರ ನಾಯಕ ಬ್ರಿಟನ್ನಿನ ಜೊತೆಗಿನ ಒಕ್ಕೂಟ ಬೇಡ ಅಂತ ಲಕ್ಷಗಟ್ಟಲೆ ಜನ ಸೇರಿಸಿ ಸಭೆ ಮಾಡಿದ್ದು ಅದೇ ದಿಬ್ಬದ ಮೇಲೆ. ತಾರೀಖು ನೋಡು, 1843ರ ಆಗಸ್ಟ್ 15! ಇದನ್ನು ಮಾತ್ರ ಓನರಮ್ಮನಿಗೆ ಹೇಳು, ಚಹಾ ಕುಡಿಸಿಯಾರು.

ಅಜ್ಜಿಗೆ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ‘ಸೊರಗಿದ್ದಾಳೆ’ ಅಂದರು, ಅಷ್ಟೇ. ಸಂಜೆ ನೋಡಿದರೆ ಹಿತ್ತಲಲ್ಲಿ ಕೂತು ತಾರೆಕಾಯಿ ಕುಟ್ಟುತ್ತಿದ್ದಾರೆ. ಅರ್ಧ ಕೆಜಿ ಪುಡಿ ಆಗಿದೆ, ಪಾರ್ಸೆಲ್ ಮಾಡಬೇಕಂತೆ. ಅಲ್ಲಿ ಕಸ್ಟಮ್ಸ್‌ನವರು ಬಿಡ್ತಾರಾ?

ನಿನ್ನ
ಅಮ್ಮ