ಮೂರು ಗಂಟೆಯ ಊಟ

ಟೋಕಿಯೊದ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಊಟದ ಬಗ್ಗೆ ಬಂದ ದೂರುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಬಿಸಿಬೇಳೆ ಬಾತಿಗೆ ಬೆಳ್ಳುಳ್ಳಿ ಬಿದ್ದಿತ್ತು, ಹೌದು. ಹುಳಿ ಸಾಲಲಿಲ್ಲ, ಅದೂ ಹೌದು. ಪುಡಿ ಕೊಟ್ಟವನು ನಾನು, ಮಾಡುವ ಬಗೆ ಹೇಳಿದವನೂ ನಾನು. ಬೈಗುಳ ನನಗೇ ಇರಲಿ. ಊಟ ಮಾಡಿಕೊಟ್ಟ, ಇಲ್ಲಿನ ನಿಶಿ-ಕಸಾಯಿ ಬಡಾವಣೆಯ ಆ ಪುಟ್ಟ ಇಂಡಿಯನ್ ಹೋಟೆಲಿನ ಅಡುಗೆಯವರು ಅವತ್ತಿಗಿಂತ ಮುಂಚೆ ಬಿಸಿಬೇಳೆ ಬಾತ್ ಮಾಡಿದವರೇ ಅಲ್ಲ.

ಬಾಕಿ ದುಡ್ಡು ಕೊಡಲು ಮರುವಾರ ಹೋದೆ. ಮಧ್ಯಾಹ್ನ ಮೂರು ಗಂಟೆ, ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಮೂವರು ಊಟಕ್ಕೆ ಕೂತಿದ್ದರು. ಅನ್ನ, ತೆಳ್ಳಗಿನ ಬೇಳೆ, ಸೊಪ್ಪಿನ ಪಲ್ಯ, ಮೂಲಂಗಿ ಉಪ್ಪಿನಕಾಯಿ. ನಾನ್ ಇಲ್ಲ, ಬಟರ್ ಚಿಕನ್ ಇಲ್ಲ. ಯಾಕೆ ಅಂದಿದ್ದಕ್ಕೆ ಅಡುಗೆಯ ದಾಯಿ ನಕ್ಕರು. ನೇಪಾಳಿಯಲ್ಲಿ ಅಣ್ಣನಿಗೆ ದಾಯಿ ಅನ್ನುತ್ತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಇಲ್ಲೂ ದಾಯಿಯೇ.

ಅವರ ಊರು ಪಶ್ಚಿಮ ನೇಪಾಳದ ಬಾಗ್ಲುಂಗ್ ಜಿಲ್ಲೆ, ಗಲ್ಕೋಟ್ ಕಡೆ. ಜಪಾನಿನ ಇಂಡಿಯನ್ ಹೋಟೆಲುಗಳ ಅಡುಗೆಮನೆಯಲ್ಲಿ ಯಾರನ್ನೇ ಕೇಳಿ, ಆ ಜಿಲ್ಲೆಯವರು ಒಬ್ಬರಾದರೂ ಸಿಗುತ್ತಾರೆ. ಊರಲ್ಲಿರುವ ತನಕ ದಾಯಿ ತಂದೂರಿ ಒಲೆ ಕಂಡಿರಲಿಲ್ಲ. ನಾನ್ ತಟ್ಟಲು ಕಲಿತದ್ದು ದೆಹಲಿಯ ಢಾಬಾದಲ್ಲಿ. ಆಮೇಲೆ ಮೂರು ವರ್ಷ ಬೆಂಗಳೂರಿನಲ್ಲಿ ಗೋಬಿ ಮಂಚೂರಿ ಹುರಿದರು. ನಾನು ಕನ್ನಡದವನು ಅಂತ ಗೊತ್ತಾದ ದಿನದಿಂದ "ಊಟ ಆಯ್ತಾ ಸಾರ್?" ಅನ್ನುವುದು ತಪ್ಪಿಲ್ಲ.

ಇಲ್ಲಿನ ನಾನ್ ನೋಡಿದ್ದೀರಲ್ಲ, ತಟ್ಟೆಯ ಎರಡೂ ಕಡೆ ಚಾಚಿಕೊಂಡಿರುತ್ತದೆ. ಸಕ್ಕರೆ ಜಾಸ್ತಿ, ಮೆತ್ತಗೆ. ಖಾರ ಎಷ್ಟು ಅಂತ ಗಿರಾಕಿಯನ್ನೇ ಕೇಳುತ್ತಾರೆ. ಪಕ್ಕದಲ್ಲಿ ಕಿತ್ತಳೆ ಬಣ್ಣದ ಡ್ರೆಸಿಂಗ್ ಸುರಿದ ಎಲೆಕೋಸು. ನಾವು ಹೋಗಿ "ಇದು ನಮ್ಮ ಊಟ ಅಲ್ಲ" ಅಂತ ಮೂಗು ಮುರಿಯುತ್ತೇವೆ. ಅದು ಅವರ ಊಟವೂ ಅಲ್ಲ! ಬೋರ್ಡಿನ ಮೇಲೆ ನಮ್ಮ ಬಾವುಟ, ಒಳಗೆ ಜಪಾನಿನವರ ನಾಲಿಗೆಗೆ ಒಗ್ಗಿಸಿದ ರುಚಿ, ಒಲೆ ಮುಂದೆ ನೇಪಾಳದವರು. ದಾಯಿಯ ಬಲ ಮುಂಗೈಯಲ್ಲಿ ಕೂದಲೇ ಇಲ್ಲ. ಬಟ್ಟೆ ಗಾದಿಯ ಮೇಲೆ ಹಿಟ್ಟು ಎಳೆದು, ಒಲೆಯೊಳಗೆ ಕೈ ಇಳಿಸಿ, ಗೋಡೆಗೆ ಬಡಿಯಬೇಕು. ಮಧ್ಯಾಹ್ನ ಒಂದೇ ಹೊತ್ತಿಗೆ 80 ಸಲ.

2024ರ ಕೊನೆಗೆ ಜಪಾನಿನಲ್ಲಿ 2,30,000ಕ್ಕೂ ಜಾಸ್ತಿ ನೇಪಾಳಿಗಳಿದ್ದರು. ಭಾರತದವರು ಎಲ್ಲ ಸೇರಿ ಅದರ ಕಾಲು ಭಾಗದ ಆಸುಪಾಸು. ಅಡುಗೆಯವರಿಗೆ ಸಿಗುವ ವೀಸಾಕ್ಕೆ ಹತ್ತು ವರ್ಷದ ಅನುಭವದ ಕಾಗದ ಬೇಕು. ಆ ಕಾಗದ ಕೆಲವರಿಗೆ ಒಲೆಯಿಂದ ಬರುತ್ತದೆ, ಕೆಲವರಿಗೆ ದಲ್ಲಾಳಿಯಿಂದ. (ನಮ್ಮ ಐಟಿಯವರ ರೆಸ್ಯೂಮೆ ವಿಷಯ ಈಗ ಬೇಡ, ಅಲ್ವಾ?) ದಾಯಿ 2014ರಲ್ಲಿ ಸಾಲ ಮಾಡಿ ಬಂದರು. ಎಷ್ಟು ಅಂತ ಹೇಳಲಿಲ್ಲ, ತೀರಿಸಲು ನಾಲ್ಕು ವರ್ಷ ಹಿಡಿಯಿತು ಅಂದರು. ಮೊದಲ ಮಾಲೀಕ ಸ್ವಂತ ಊರಿನವನೇ, ಒಂದು ಕಾಲಕ್ಕೆ ತಾನೂ ಒಲೆ ಮುಂದೆ ನಿಂತವನು. ಸಂಬಳದಲ್ಲಿ ಕೋಣೆ ಬಾಡಿಗೆ ಮುರಿದುಕೊಳ್ಳುತ್ತಿದ್ದ, ಕೋಣೆಯಲ್ಲಿ ಮಲಗುತ್ತಿದ್ದವರು ಐದು ಜನ.

ಅಡುಗೆಯವನಾಗಿ ಬಂದು, ದುಡ್ಡು ಕೂಡಿಟ್ಟು, ಅಂಗಡಿ ಹಾಕಿ, ಊರಿನಿಂದ ತಮ್ಮಂದಿರನ್ನು ಕರೆಸುವುದು. ಹೋಟೆಲುಗಳು ಹೆಚ್ಚಾದದ್ದೇ ಹೀಗೆ. ಇದಕ್ಕೆ ಬೇಕಾದ ವೀಸಾಕ್ಕೆ 50 ಲಕ್ಷ ಯೆನ್ ಬಂಡವಾಳ ತೋರಿಸಿದರೆ ಆಗುತ್ತಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು 3 ಕೋಟಿಗೆ ಏರಿಸಿದರು. ದಾಯಿ ಹನ್ನೊಂದು ವರ್ಷದಲ್ಲಿ 36 ಲಕ್ಷ ಕೂಡಿಟ್ಟಿದ್ದರು. ಸುದ್ದಿ ತಿಳಿದ ದಿನ ಏನು ಮಾಡಿದಿರಿ ಅಂತ ಕೇಳಿದೆ. "ಈರುಳ್ಳಿ ಹೆಚ್ಚಿದೆ" ಅಂದರು.

ಅದಕ್ಕಿಂತ ಅವರನ್ನು ಜಾಸ್ತಿ ಕಾಡುವುದು ಮಗನ ಚಿಂತೆ. ಹೆಂಡತಿ ಆರು ವರ್ಷದ ಹಿಂದೆ ಬಂದರು, ಬೆಂತೊ (ಡಬ್ಬಿ ಊಟ) ಕಾರ್ಖಾನೆಯಲ್ಲಿ ವಾರಕ್ಕೆ 28 ಗಂಟೆ ಕೆಲಸ. ಅವಲಂಬಿತರ ವೀಸಾದಲ್ಲಿ ಅದಕ್ಕಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಮಗ ಅಜ್ಜಿ ಹತ್ತಿರ ಬೆಳೆದ. ಹೋದ ವರ್ಷ ಬಂದಾಗ ಹದಿನೈದು ದಾಟಿತ್ತು, ಎಂಟನೇ ಕ್ಲಾಸು ಅರ್ಧಕ್ಕೆ ನಿಂತಿತ್ತು. ಇಲ್ಲಿ ಕಡ್ಡಾಯ ಶಿಕ್ಷಣ ಹದಿನೈದಕ್ಕೇ ಮುಗಿಯುತ್ತದೆ. ಹೈಸ್ಕೂಲಿಗೆ ಸೇರಲು ಪರೀಕ್ಷೆ, ಅದೂ ಜಪಾನೀಸ್ ಭಾಷೆಯಲ್ಲಿ. ಈಗ ಹುಡುಗ ರಾತ್ರಿ ಶಾಲೆಗೆ ಹೋಗುತ್ತಾನೆ. ನಮ್ಮ ಎದೊಗಾವಾ ವಾರ್ಡಿನಲ್ಲೂ ಸರ್ಕಾರಿ ರಾತ್ರಿ ಶಾಲೆ ಒಂದಿದೆ ಅಂತ ಇಷ್ಟು ವರ್ಷ ಇಲ್ಲೇ ಇದ್ದ ನನಗೇ ಗೊತ್ತಿರಲಿಲ್ಲ.

ನನ್ನ ಸೋದರಮಾವ ಹನ್ನೆರಡನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಮುಂಬಯಿಗೆ ಹೋದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದರು. ನಿದ್ದೆ ಬರಬಾರದು ಅಂತ ಕೊನೇ ಬೆಂಚಲ್ಲಿ ನಿಂತೇ ಪಾಠ ಕೇಳುತ್ತಿದ್ದರಂತೆ. ಆದರೆ ಮಾವನಿಗೆ ಪಾಠ ಹೇಳಿದ್ದು ಕನ್ನಡದಲ್ಲಿ. ಈ ಹುಡುಗನಿಗೆ ಬೀಜಗಣಿತ ಗೊತ್ತು, ಲೆಕ್ಕದಲ್ಲಿ ಏನು ಕೇಳಿದ್ದಾರೆ ಅಂತ ಓದಲು ಬರುವುದಿಲ್ಲ. ಎರಡು ಲೆಕ್ಕ ನಾನು ಹೇಳಿಕೊಡಲು ಹೋದೆ. ಕಾಂಜಿ ಅನ್ನುವ ಜಪಾನಿನ ಚಿತ್ರಲಿಪಿಯಲ್ಲಿ ನಾನೂ ಸಿಕ್ಕಿಬಿದ್ದೆ. ಇಬ್ಬರೂ ಸೇರಿ ಫೋನ್ ಹಿಡಿದು ಓದಿಸಿಕೊಂಡೆವು.

ನಮ್ಮ ಸದಸ್ಯರಲ್ಲಿ ಜಪಾನೀಸ್ ಭಾಷಾ ಪರೀಕ್ಷೆಯ ಎನ್2 ಹಂತ ಪಾಸಾದವರು ಕಮ್ಮಿಯಿಲ್ಲ, ಹುಡುಗನಿಗೆ ಪಾಠ ಹೇಳಿಕೊಡಲು ಬನ್ನಿ. ಶನಿವಾರ ಮೂರರಿಂದ ಐದು, ಹೋಟೆಲಿನಲ್ಲೇ, ಒಂದು ಟೇಬಲ್ ಬಿಟ್ಟುಕೊಡುತ್ತಾರೆ. ಹುಡುಗನಿಗೆ ಹಿಂದಿ ಬರುತ್ತದೆ. ಅವನ ಜೊತೆ ಅದೇ ಶಾಲೆಯ ಇನ್ನಿಬ್ಬರೂ ಬರುತ್ತಾರಂತೆ. ಪಾಠ ಹೇಳಲು ಸದ್ಯಕ್ಕೆ ಇಬ್ಬರು ಒಪ್ಪಿದ್ದಾರೆ, ಇನ್ನೂ ಇಬ್ಬರು ಬೇಕು. ಯುಗಾದಿ ಊಟಕ್ಕೂ ದಾಯಿಗೇ ಹೇಳಿದ್ದೇವೆ, ಬೆಳ್ಳುಳ್ಳಿ ಬೇಡ ಅಂತ ಈ ಸಲ ಬರೆದೇ ಕೊಟ್ಟಿದ್ದೇನೆ. ಪಾಠಕ್ಕೆ ಬಂದವರಿಗೆ ಚಹಾ ಸಿಗುತ್ತದೆ, ಹಸಿವಾದರೆ ಬೇಳೆ ಅನ್ನವೂ ಸಿಗುತ್ತದೆ. ನಾನ್ ಮಾತ್ರ ಕೇಳಬೇಡಿ, ಆ ಹೊತ್ತಿಗೆ ಒಲೆ ಆರಿಸಿರುತ್ತಾರೆ.